ಬಯಲಾಟದ ಕಣ್ಣಿಗೆ ಬಾಹ್ಯಾಕಾಶದ ಕಾಳಗ

ಬಂಟ್ವಾಳ

ಪ್ರೀತಿಯ ಮಿತ್ರರೇ,

ನಿಮ್ಮ ಕಾಗದ ಕೈ ಸೇರಿತು. ಮೂಡುಬಿದಿರೆಯ ಮಳೆ, ಅಡಿಕೆಯ ಕೊಳೆರೋಗ, ಮಗಳ ಕಾಲೇಜು ಎಲ್ಲ ಬರೆದು ಕೊನೆಗೆ ಒಂದು ಪ್ರಶ್ನೆ ಇಟ್ಟಿದ್ದೀರಿ. ಮಗಳು ಲ್ಯಾಪ್‌ಟಾಪಿನಲ್ಲಿ ನೋಡುವ ಬಾಹ್ಯಾಕಾಶದ ಯುದ್ಧಗಳಲ್ಲಿ ನನಗೆ ಯಾವುದು ಇಷ್ಟ, ನಿಮಗೆ ಎಲ್ಲವೂ ಬರೀ ಪಟಾಕಿಯಂತೆ ಕಾಣುತ್ತದಲ್ಲ, ಏಕೆ ಎಂದು.

ಪಟಾಕಿಯ ಮಾತು ಸುಳ್ಳಲ್ಲ. ಈ ಜಾತಿಯ ಸಿನಿಮಾಗಳಲ್ಲಿ ಹೆಚ್ಚಿನದ್ದು ಪಟಾಕಿಯೇ. ಆದರೆ ಮಿಕ್ಕ ಕೆಲವನ್ನು ನೋಡಿ ಸವಿಯಲು ನಿಮ್ಮಷ್ಟು ತಯಾರಾದ ಪ್ರೇಕ್ಷಕರು ಸಿಗುವುದು ಕಷ್ಟ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಗದ್ದೆಗಳಲ್ಲಿ ಕಟೀಲು ಮೇಳದ, ಧರ್ಮಸ್ಥಳ ಮೇಳದ ಯಕ್ಷಗಾನದ ಆಟಕ್ಕೆ ಚಾಪೆ ಹಾಸಿ ಬೆಳಗು ಮಾಡಿದವರು ನಾವು. ದೇವಲೋಕಕ್ಕೆ ಮುತ್ತಿಗೆ, ಆಕಾಶದಲ್ಲಿ ಮರೆಯಾಗಿ ಬಾಣ ಬಿಡುವ ಇಂದ್ರಜಿತು, ಹಾರಾಡುವ ಪಟ್ಟಣಗಳು, ಇವೆಲ್ಲ ನಮಗೆ ಹೊಸತೇನಲ್ಲ. ಯಾರು ಯಾರ ಎದುರು ಯಾಕೆ ನಿಂತಿದ್ದಾರೆ ಎಂಬುದು ಗೊತ್ತಾದ ಮೇಲೆಯೇ ಯುದ್ಧಕ್ಕೆ ಜೀವ ಬರುವುದು ಎಂಬುದೂ ನಮಗೆ ಗೊತ್ತು. ಆ ಅಳತೆಗೋಲು ಹಿಡಿದೇ ನಾನು ಈ ಚಿತ್ರಗಳನ್ನು ನೋಡುವುದು.

ನಿಮಗೆ ರಕ್ತಬೀಜನ ಪಾತ್ರವೆಂದರೆ ಪ್ರಾಣ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ಅವನ ಮೈಯಿಂದ ನೆಲಕ್ಕೆ ಬಿದ್ದ ಒಂದೊಂದು ಹನಿಯಿಂದ ಒಬ್ಬೊಬ್ಬ ರಕ್ತಬೀಜ ಏಳುತ್ತಾನೆ. ಹೊಡೆದಷ್ಟೂ ವೈರಿ ಹೆಚ್ಚುವ ಯುದ್ಧ ಅದು. ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ಎಂಬ ಧಾರಾವಾಹಿಯಲ್ಲಿ, 2004ರಲ್ಲಿ ಹೊಸದಾಗಿ ಶುರುವಾದದ್ದರಲ್ಲಿ, ವೈರಿಗಳು ಸೈಲಾನ್‌ಗಳು. ಮನುಷ್ಯರೇ ಮಾಡಿದ ಯಂತ್ರಗಳು ಬೆಳೆದು ಮನುಷ್ಯರೂಪ ತಾಳಿ ಹನ್ನೆರಡು ಲೋಕಗಳನ್ನು ಸುಟ್ಟಿವೆ. ಐವತ್ತು ಸಾವಿರಕ್ಕೂ ಕಡಿಮೆ ಜನ ಒಂದು ಹಳೆಯ ಯುದ್ಧನೌಕೆಯ ಆಸರೆಯಲ್ಲಿ ಓಡುತ್ತಿದ್ದಾರೆ. ಎಪಿಸೋಡು ಶುರುವಾಗುವಾಗ ಬದುಕಿ ಉಳಿದವರ ಸಂಖ್ಯೆ ತೆರೆಯ ಮೇಲೆ ಬರುತ್ತದೆ. ಮುಂದಿನ ವಾರ ಆ ಅಂಕಿ ಇಳಿದಿದ್ದರೆ ಎದೆಗೆ ಚುಚ್ಚುತ್ತದೆ. ಅತ್ತ ಸತ್ತ ಸೈಲಾನ್ ಮಾತ್ರ ನೆನಪು ಸಮೇತ ಬೇರೊಂದು ದೇಹದಲ್ಲಿ ಕಣ್ಣು ಬಿಡುತ್ತದೆ. ತಾಯ್ನಾಡಿನಿಂದ ಬಹಳ ದೂರ ಬಂದಾಗಲೂ ಹೀಗೆ ಮರುಹುಟ್ಟು ಪಡೆಯಲು ಅವರ ಜೊತೆ ಒಂದು ವಿಶೇಷ ನೌಕೆ ಬರುತ್ತದೆ. ಅದನ್ನು ಒಡೆದರೆ ಸೈಲಾನ್‌ಗೂ ಸಾವು ಎಂದರೆ ಸಾವೇ. ಕಾಳಿ ನಾಲಿಗೆ ಚಾಚಿ ಒಂದು ಹನಿಯೂ ನೆಲ ಮುಟ್ಟದಂತೆ ನೋಡಿಕೊಂಡಳಲ್ಲ, ಅದೇ ಉಪಾಯ!

ಆ ನೌಕೆಯನ್ನು ಒಡೆಯುವ, 2006ರ ಜನವರಿಯಲ್ಲಿ ಪ್ರಸಾರವಾದ ಯುದ್ಧ ನನ್ನ ಪಟ್ಟಿಯಲ್ಲಿ ಮೊದಲನೆಯದು. ಅದರ ಬಹಳಷ್ಟು ಭಾಗವನ್ನು ನಾವು ಒಬ್ಬ ಪೈಲಟ್‌ನ ಕಣ್ಣಿನಿಂದ ನೋಡುತ್ತೇವೆ. ಅವನ ವಿಮಾನ ನುಚ್ಚುನೂರಾಗಿದೆ, ಅಂಗಿಯಿಂದ ಗಾಳಿ ಸೋರುತ್ತಿದೆ, ಅವನು ಶೂನ್ಯದಲ್ಲಿ ಅಂಗಾತ ತೇಲುತ್ತಿದ್ದಾನೆ. ದೂರದಲ್ಲಿ ದೊಡ್ಡ ದೊಡ್ಡ ನೌಕೆಗಳು ಒಂದನ್ನೊಂದು ಸುಡುತ್ತಿವೆ. ಆರ್ಭಟವಿಲ್ಲ, ಮೆಲ್ಲಗಿನ ಸಂಗೀತ ಮಾತ್ರ. ಅದೇ ಹೊತ್ತಿಗೆ ಇನ್ನೊಂದು ಕಥೆ ನಡೆಯುತ್ತಿದೆ. ಮನುಷ್ಯರ ಪಾಳಯದ ಇಬ್ಬರು ಸೇನಾಪತಿಗಳು, ಅಡಾಮಾ ಮತ್ತು ಕೇನ್, ಯುದ್ಧ ಗೆದ್ದ ಕೂಡಲೇ ಇನ್ನೊಬ್ಬರನ್ನು ಮುಗಿಸಲು ಗುಟ್ಟಾಗಿ ಆಳು ಇಟ್ಟಿದ್ದಾರೆ. ಗೆಲುವು ಸಿಕ್ಕಿತು. ಇನ್ನು ಫೋನಿನಲ್ಲಿ ಒಂದು ಮಾತು ಹೇಳಿದರೆ ಸಾಕು. ಇಬ್ಬರೂ ಆ ಮಾತು ಹೇಳುವುದಿಲ್ಲ. ಅಷ್ಟೂ ಬೆಂಕಿಗಿಂತ ಆಡದೆ ಉಳಿದ ಆ ಮಾತಿನ ಬಿಸಿ ದೊಡ್ಡದು.

ಸದ್ದಿನ ವಿಷಯವೂ ಹೇಳಬೇಕು. ಗಾಳಿಯಿಲ್ಲದ ಕಡೆ ಸದ್ದು ಹರಿಯುವುದಿಲ್ಲ. ಆದ್ದರಿಂದ ಬಾಹ್ಯಾಕಾಶದ ಯುದ್ಧಕ್ಕೆ ಸದ್ದನ್ನು ಹೊರಗಿನಿಂದ ತಂದು ಕೊಡಬೇಕು. 1977ರ ‘ಸ್ಟಾರ್ ವಾರ್ಸ್’ಗೆ ಬೆನ್ ಬರ್ಟ್ ಎಂಬಾತ ಆನೆಯ ಘೀಳಿಗೆ ಒದ್ದೆ ರಸ್ತೆಯಲ್ಲಿ ಓಡುವ ಕಾರಿನ ಸದ್ದು ಬೆರೆಸಿ ಶತ್ರು ವಿಮಾನಗಳ ಕಿರುಚಾಟ ಮಾಡಿದ. ಗ್ಯಾಲಕ್ಟಿಕಾದ ಸಂಗೀತಗಾರ ಬೇರ್ ಮೆಕ್ರಿಯರಿ ಜಪಾನಿನ ಟೈಕೊ ಎಂಬ ದೊಡ್ಡ ಡೋಲುಗಳನ್ನು ಹಿಡಿದ. ಅದನ್ನು ಕೇಳಿದಾಗಲೆಲ್ಲ ನನಗೆ ನಮ್ಮ ಚಂಡೆಯ ನೆನಪು. ಮಹಿಷಾಸುರ ಬರುವ ಹೊತ್ತು ನೆನಪು ಮಾಡಿಕೊಳ್ಳಿ. ಚೌಕಿಯಿಂದ ನೇರ ರಂಗಸ್ಥಳಕ್ಕೆ ಬಾರದೆ ಜನರ ಹಿಂದಿನಿಂದ, ಕತ್ತಲೆಯಿಂದ ಬರುತ್ತಾನೆ. ದೊಂದಿಯ ಮೇಲೆ ರಾಳದ ಪುಡಿ ಬಿದ್ದು ಭಗ್ಗೆಂದಾಗ ಒಂದು ಕ್ಷಣ ಕೋಡು, ಕೆಂಪು ಮುಖ, ಇಡೀ ಗದ್ದೆ ಕಾಣುತ್ತದೆ. ಮರುಕ್ಷಣ ಮತ್ತೆ ಕತ್ತಲೆ. ನಿದ್ದೆ ಹೋದ ಮಕ್ಕಳೆಲ್ಲ ಎದ್ದು ಅಮ್ಮನ ಸೆರಗು ಹಿಡಿಯುತ್ತವೆ. ಅಷ್ಟು ದೊಡ್ಡ ಅಸುರನನ್ನು ಅಲ್ಲಿ ನಿಲ್ಲಿಸುವುದು ಒಂದು ಹಿಡಿ ರಾಳ, ಎರಡು ಕೋಲು, ಒಂದು ಚಂಡೆ. ಕೋಟಿಗಟ್ಟಲೆ ಸುರಿದು ಮಾಡುವ ಚಿತ್ರಗಳಿಗೂ ಕೊನೆಗೆ ಬೇಕಾಗುವುದು ಕತ್ತಲೆ, ಬೆಳಕು, ಚರ್ಮವಾದ್ಯವೇ.

ಇನ್ನು ತ್ರಿಪುರ ಮಥನ ಪ್ರಸಂಗ. ಜಗತ್ತಿನ ಕಥೆಗಳಲ್ಲಿ ಇದಕ್ಕಿಂತ ಚಂದದ ಬಾಹ್ಯಾಕಾಶ ಯುದ್ಧದ ಯೋಜನೆಯನ್ನು ನಾನು ಕಂಡಿಲ್ಲ. ತಾರಕಾಸುರನ ಮೂವರು ಮಕ್ಕಳಿಗೆ ಮಯ ಕಟ್ಟಿಕೊಟ್ಟ ಚಿನ್ನ, ಬೆಳ್ಳಿ, ಕಬ್ಬಿಣದ ಮೂರು ಪುರಗಳು, ಮೂರಕ್ಕೂ ಬೇರೆ ಬೇರೆ ಸಂಚಾರ. ಸಾವಿರ ವರ್ಷಕ್ಕೊಮ್ಮೆ ಮೂರೂ ಒಂದೇ ಸಾಲಿಗೆ ಬರುತ್ತವೆ, ಆಗ ಒಂದೇ ಬಾಣದಲ್ಲಿ ಮೂರನ್ನೂ ಹೊಡೆಯಬೇಕು. ಭೂಮಿಯೇ ರಥ, ಸೂರ್ಯಚಂದ್ರರು ಗಾಲಿ, ಮೇರು ಬಿಲ್ಲು, ಬ್ರಹ್ಮ ಸಾರಥಿ, ವಿಷ್ಣುವೇ ಬಾಣ. ಇಷ್ಟೆಲ್ಲ ಹೂಡಿಯೂ ಶಿವ ಕಾಯಬೇಕು. ಆ ಕಾಯುವಿಕೆಯಲ್ಲಿಯೇ ಪ್ರಸಂಗದ ಸ್ವಾರಸ್ಯ. ಈಗ ‘ಸ್ಟಾರ್ ವಾರ್ಸ್’ನ ಕೊನೆಯ ಯುದ್ಧ ನೋಡಿ. ಡೆತ್ ಸ್ಟಾರ್ ಎಂಬ ಸಣ್ಣ ಚಂದ್ರನಷ್ಟು ದೊಡ್ಡ ಕೋಟೆ ಯಾವಿನ್ ಎಂಬ ಗ್ರಹವನ್ನು ಸುತ್ತಿ ಬರುತ್ತಿದೆ. ಗ್ರಹದ ಮರೆ ತಪ್ಪಿದ ಕೂಡಲೇ ಬಂಡುಕೋರರ ನೆಲೆ ಅದರ ಗುರಿಗೆ ಸಿಗುತ್ತದೆ. ಅಷ್ಟರೊಳಗೆ ಎರಡು ಮೀಟರ್ ಅಗಲದ ಒಂದು ರಂಧ್ರಕ್ಕೆ ಟಾರ್ಪಿಡೊ ಇಳಿಸಬೇಕು. ಒಂದು ಕ್ಷಣ, ಒಂದು ಬಾಣ. ನಾಯಕ ಲ್ಯೂಕ್ ಗುರಿ ಹಿಡಿಯುವ ಯಂತ್ರವನ್ನು ಆರಿಸಿಬಿಡುವಲ್ಲಿ ನನ್ನ ಕೈ ಈಗಲೂ ತನ್ನಿಂತಾನೆ ಮುಷ್ಟಿಯಾಗುತ್ತದೆ. ಜಾರ್ಜ್ ಲೂಕಸ್ ಎರಡನೇ ಮಹಾಯುದ್ಧದ ವಿಮಾನ ಕಾಳಗದ ತುಣುಕುಗಳನ್ನು ಜೋಡಿಸಿ ತನ್ನ ತಂತ್ರಜ್ಞರಿಗೆ ಮಾದರಿಯಾಗಿ ತೋರಿಸಿದ್ದ. ಗಾಳಿಯೇ ಇಲ್ಲದಲ್ಲಿ ಆ ನೌಕೆಗಳು ಹದ್ದಿನ ಹಾಗೆ ವಾಲಿ ತಿರುಗುವುದು ಅದಕ್ಕೇ. ಭೌತಶಾಸ್ತ್ರಕ್ಕೆ ಇದು ಒಪ್ಪಿಗೆಯಾಗದಿದ್ದರೂ ಕಣ್ಣಿಗೆ ಒಪ್ಪಿಗೆ.

ಭೌತಶಾಸ್ತ್ರವೂ ಸರಿ ಇರಬೇಕೆಂದು ನಿಮ್ಮ ಮಗಳು ಹಟ ಹಿಡಿದರೆ ಅವಳಿಗೆ 2015ರಲ್ಲಿ ಶುರುವಾದ ‘ದಿ ಎಕ್ಸ್‌ಪಾನ್ಸ್’ ತೋರಿಸಿ. ಅದರ ನಾಲ್ಕನೆಯ ಎಪಿಸೋಡಿನಲ್ಲಿ ಡಾನಜರ್ ಎಂಬ ಮಂಗಳದ ಯುದ್ಧನೌಕೆಯ ಮೇಲೆ ದಾಳಿ ನಡೆಯುತ್ತದೆ. ಒಳಗೆ ಕುರ್ಚಿಗೆ ಬಿಗಿದುಕೊಂಡು ಕುಳಿತವರಿಗೆ ಹೊರಗಿನದ್ದು ಏನೂ ಕಾಣದು. ಒಬ್ಬ ಮಾತಾಡುತ್ತಲೇ ಇದ್ದಾನೆ, ಮಾತಿನ ನಡುವೆಯೇ ಅವನ ತಲೆ ಇಲ್ಲ! ಒಂದು ಗುಂಡು ಕೋಣೆಯ ಆಚೆ ಈಚೆ ಎರಡು ತೂತು ಮಾಡಿ ಹೋಗಿದೆ. ಉಳಿದವರಿಗೆ ಅಳಲೂ ಪುರುಸೊತ್ತಿಲ್ಲ, ಗಾಳಿ ಹೋಗುವ ಮೊದಲು ತೂತು ಮುಚ್ಚಬೇಕು. ಯುದ್ಧದ ಕ್ರೌರ್ಯ ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ನಿಚ್ಚಳವಾಗಿ ಕಂಡದ್ದು ಬೇರೆಲ್ಲೂ ನೆನಪಿಲ್ಲ. ಅಂದ ಹಾಗೆ, ಅದನ್ನು ಊಟದ ಹೊತ್ತಿಗೆ ಹಾಕಬೇಡಿ.

ನೀವು ತಾಳಮದ್ದಳೆಯ ಮನುಷ್ಯರು ಮಾರಾಯ್ರೆ, ನಿಮಗೆ ನಾನು ಆರಿಸಿಟ್ಟದ್ದು ಬೇರೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲಿಂದಲೇ ಇಡೀ ಕರ್ಣಪರ್ವವನ್ನು ಕಣ್ಣೆದುರು ನಿಲ್ಲಿಸಿದ ಶೇಣಿಯವರಂಥ ಅರ್ಥಧಾರಿಗಳ ನಾಡಿನವರು ನೀವು. 1966ರ ಡಿಸೆಂಬರಿನಲ್ಲಿ ಬಂದ ‘ಸ್ಟಾರ್ ಟ್ರೆಕ್’ನ ‘ಬ್ಯಾಲೆನ್ಸ್ ಆಫ್ ಟೆರರ್’ ಎಂಬ ಎಪಿಸೋಡು ಹೆಚ್ಚುಕಡಿಮೆ ತಾಳಮದ್ದಳೆಯೇ. ಎರಡು ನೌಕೆ, ಎರಡು ಕೋಣೆ, ಎರಡು ಕಡೆಯ ನಾಯಕರು. ಕಣ್ಣಿಗೆ ಕಾಣದ ಹಾಗೆ ಮರೆಯಾಗಬಲ್ಲ ವೈರಿಯ ನೌಕೆ. ಜಲಾಂತರ್ಗಾಮಿಯ ಕಥೆಯಿರುವ 1957ರ ‘ದಿ ಎನಿಮಿ ಬಿಲೋ’ ಎಂಬ ಸಿನಿಮಾದ ಎರಕ ಅದಕ್ಕಿದೆ. ಇವನು ಹೀಗೆ ಮಾಡಿಯಾನು ಎಂದು ಅವನು, ಅವನು ಹಾಗೆ ಯೋಚಿಸಿಯಾನು ಎಂದು ಇವನು ಲೆಕ್ಕ ಹಾಕುತ್ತ ಹಾಕುತ್ತ ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚುತ್ತಾರೆ. ಸೋತ ವೈರಿ ಕೊನೆಗೆ, ಬೇರೊಂದು ಸನ್ನಿವೇಶದಲ್ಲಾದರೆ ನಾವು ಗೆಳೆಯರಾಗುತ್ತಿದ್ದೆವೇನೋ ಎಂಬರ್ಥದ ಮಾತಾಡಿ ತನ್ನ ನೌಕೆಯನ್ನು ತಾನೇ ಸ್ಫೋಟಿಸುತ್ತಾನೆ. ಎಪಿಸೋಡಿನ ಆರಂಭದಲ್ಲಿ ಒಂದು ಮದುವೆ ಅರ್ಧಕ್ಕೆ ನಿಲ್ಲುತ್ತದೆ. ನಮ್ಮ ಕಡೆಯ ನೌಕೆಯಲ್ಲಿ ಸತ್ತವನು ಆ ಮದುಮಗನೊಬ್ಬನೇ.

ಅದಾದ ಮೇಲೆ 1982ರ ‘ಸ್ಟಾರ್ ಟ್ರೆಕ್’ ಸಿನಿಮಾ ‘ದಿ ರಾತ್ ಆಫ್ ಖಾನ್’ ನೋಡಿ. ನಾಯಕ ಕರ್ಕ್ ಮತ್ತು ವೈರಿ ಖಾನ್ ಇಡೀ ಸಿನಿಮಾದಲ್ಲಿ ಒಮ್ಮೆಯೂ ಮುಖಾಮುಖಿ ಆಗುವುದಿಲ್ಲ, ಪರದೆಯ ಮೇಲೆ ಮಾತು ಮಾತ್ರ. ಹೆಂಡತಿಯನ್ನು ಕಳೆದುಕೊಂಡವನ ಹದಿನೈದು ವರ್ಷಗಳ ಸಿಟ್ಟು ಆ ಮಾತಿನಲ್ಲಿದೆ. ಕೊನೆಗೆ ಮಂಜಿನಂಥ ನೀಹಾರಿಕೆಯೊಳಗೆ ಇಬ್ಬರಿಗೂ ಕಣ್ಣು ಕಟ್ಟಿದ ಹಾಗಾದಾಗ ಕರ್ಕ್ ತನ್ನ ನೌಕೆಯನ್ನು ಕೆಳಕ್ಕಿಳಿಸಿ, ಖಾನ್ ಮೇಲಿಂದ ದಾಟಿಹೋಗಲು ಬಿಟ್ಟು, ಅವನ ಬೆನ್ನ ಹಿಂದೆ ಎದ್ದು ಬರುತ್ತಾನೆ. ಖಾನ್‌ಗೆ ಎಡಬಲದ ಯೋಚನೆಯಿತ್ತು, ಮೇಲೆ ಕೆಳಗಿನದ್ದು ಇರಲಿಲ್ಲ. ಯುದ್ಧಕ್ಕೆ ಬಾಹ್ಯಾಕಾಶವೇ ಯಾಕೆ ಬೇಕು ಎಂದು ಕೇಳಿದವರಿಗೆ ನಾನು ತೋರಿಸುವುದು ಈ ದೃಶ್ಯವನ್ನೇ.

ಈ ಮಾತಿನ ದಾರಿಯಲ್ಲಿ ನಿಮ್ಮೂರಿನ ಕವಿ ರತ್ನಾಕರವರ್ಣಿ 16ನೇ ಶತಮಾನದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದವನು. ಭರತ ಬಾಹುಬಲಿಯರ ಕಥೆಯಲ್ಲಿ ಸೇನೆಗಳನ್ನು ಬದಿಗಿಟ್ಟು ಅಣ್ಣತಮ್ಮಂದಿರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡುವುದು ಹಳೆಯ ದಾರಿ. ರತ್ನಾಕರ ಅದನ್ನೂ ಬಿಟ್ಟು ಭರತನ ಮೃದುವಾದ ಮಾತಿನಿಂದಲೇ ತಮ್ಮನನ್ನು ಕರಗಿಸಿದ. 1604ರಲ್ಲಿ ವೇಣೂರಿನಲ್ಲಿ ನಿಂತ ಬಾಹುಬಲಿಯನ್ನು ನೋಡುವಾಗಲೆಲ್ಲ ನನಗೆ ಅನ್ನಿಸುವುದುಂಟು: ಇಂಥ ಒಂದು ಕಥೆಯನ್ನು, ಎರಡು ದೊಡ್ಡ ನೌಕಾಪಡೆಗಳ ನಡುವೆ ಮಾತಿನಿಂದಲೇ ತಪ್ಪಿದ ಒಂದು ಯುದ್ಧವನ್ನು, ನಮ್ಮ ಕಡೆಯವರೇ ಯಾರಾದರೂ ಕನ್ನಡದಲ್ಲಿ ತೆಗೆಯಬೇಕು. ಅದಕ್ಕೆ ಬೇಕಾದ ಮಾತುಗಾರರು, ಚಂಡೆಯವರು, ರಾತ್ರಿಯಿಡೀ ಕೂತು ನೋಡುವವರು, ಎಲ್ಲ ಇಲ್ಲೇ ಇದ್ದಾರೆ.

ಈಗ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿಟ್ಟಿವೆ. ತಿರುಗಾಟ ಶುರುವಾದ ಮೇಲೆ ನಿಮ್ಮ ಸುತ್ತಮುತ್ತ ಎಲ್ಲಾದರೂ ತ್ರಿಪುರ ಮಥನ ಇದೆ ಎಂದು ಗೊತ್ತಾದರೆ ಒಂದು ಫೋನ್ ಮಾಡಿ, ಬಂದೇ ಬರುತ್ತೇನೆ. ಮಗಳನ್ನೂ ಕರೆದುಕೊಂಡು ಬನ್ನಿ. ಅಲ್ಲಿಯವರೆಗೆ ನೀವಿಬ್ಬರೂ ಕೂತು ‘ಬ್ಯಾಲೆನ್ಸ್ ಆಫ್ ಟೆರರ್’ ನೋಡಿ ಮುಗಿಸಿ. ಇಬ್ಬರು ನಾಯಕರಲ್ಲಿ ಯಾರ ಅರ್ಥ ಮೇಲಾಯಿತು ಎಂದು ನಿಮ್ಮ ತೀರ್ಪು ಬರೆಯಿರಿ. ಮಗಳ ತೀರ್ಪು ಬೇರೆಯಾದರೆ ಅದನ್ನೂ ಬರೆಯಿರಿ.

ಇಂತಿ ನಿಮ್ಮ ಪ್ರೀತಿಯ ಗೆಳೆಯ