ಭರವಸೆಯೆಂಬ ಊರಿನ ಕಹಳೆ

ಅಮೆರಿಕಾ ಸಂಯುಕ್ತ ಸಂಸ್ಥಾನದ ತೆಂಕಣ ಸೀಮೆಯಲ್ಲಿ ಆರ್ಕನ್ಸಾ ಎಂಬೊಂದು ರಾಜ್ಯವುಂಟು. ಅದರ ರಾಜಧಾನಿಯಾದ ಲಿಟ್ಲ್ ರಾಕ್ ನಗರದಿಂದ ನೈಋತ್ಯ ದಿಕ್ಕಿಗೆ ಸುಮಾರು 110 ಮೈಲಿ ಸಾಗಿದರೆ ಹೋಪ್ ಎಂಬ ಪಟ್ಟಣವು ಸಿಕ್ಕುವುದು. ಹೋಪ್ ಎಂದರೆ ನಮ್ಮ ನುಡಿಯಲ್ಲಿ ಭರವಸೆ. ಯಾವನೋ ಕವಿಯು ಇಟ್ಟ ಹೆಸರಿರಬೇಕೆಂದು ವಾಚಕರು ಊಹಿಸಬಹುದು, ಹಾಗಲ್ಲ. 1870ರ ದಶಕದಲ್ಲಿ ಈ ದಾರಿಯಾಗಿ ರೈಲು ಹಾಕಿದ ಕಂಪೆನಿಯ ಅಧಿಕಾರಿಯೊಬ್ಬನ ಮಗಳ ಹೆಸರದು. ಮಗಳ ಹೆಸರು ರೈಲು ನಿಲ್ದಾಣಕ್ಕೆ ಬಂದಿತು, ನಿಲ್ದಾಣದ ಹೆಸರು ಊರಿಗೆ ನಿಂತಿತು.

ಊರು ದೊಡ್ಡದಲ್ಲ, ಜನಸಂಖ್ಯೆ 9000ದ ಆಸುಪಾಸು. ಆದರೆ ಕೀರ್ತಿಗೆ ಕೊರತೆಯಿಲ್ಲ. ಇಲ್ಲಿಯ ಹೊಲಗಳಲ್ಲಿ ಬೆಳೆಯುವ ಕಲ್ಲಂಗಡಿಯ ಗಾತ್ರವನ್ನು ಹೇಳಿದರೆ ನಮ್ಮ ಕಡೆಯ ರೈತರು ನಗಬಹುದು; 2005ರಲ್ಲಿ ಬೆಳೆದ ಒಂದು ಹಣ್ಣು 268.8 ಪೌಂಡು, ಎಂದರೆ ಸುಮಾರು 122 ಕಿಲೋಗ್ರಾಂ ತೂಗಿತು. ಮುಂದೆ ಅಮೆರಿಕಾದ ಅಧ್ಯಕ್ಷನಾದ ಬಿಲ್ ಕ್ಲಿಂಟನ್ ಹುಟ್ಟಿದುದು ಇದೇ ಊರಿನಲ್ಲಿ, 1946ರ ಆಗಸ್ಟಿನಲ್ಲಿ. ಅದೇ ವರ್ಷ ಇಲ್ಲಿ ಇನ್ನೊಂದು ಜನನವೂ ಆಯಿತು. ಪಾಲ್ ಕ್ಲಿಪ್ಶ್ ಎಂಬಾತನು ಮನೆಯಲ್ಲಿಟ್ಟು ಸಂಗೀತ ಕೇಳುವ ಧ್ವನಿವರ್ಧಕಗಳನ್ನು ಮಾಡಿ ಮಾರುವ ಉದ್ಯಮವನ್ನು ಆರಂಭಿಸಿದನು. ನಾವು ಹೋಪ್ ಪಟ್ಟಣವನ್ನು ಕಾಣಹೋದದ್ದು ಕಲ್ಲಂಗಡಿಗಾಗಿಯೂ ಅಲ್ಲ, ಅಧ್ಯಕ್ಷನ ತೊಟ್ಟಿಲಿಗಾಗಿಯೂ ಅಲ್ಲ. ಈ ಮೂರನೆಯ ಕೀರ್ತಿಗಾಗಿ.

ಕ್ಲಿಪ್ಶ್ ಈ ಊರಿನವನಲ್ಲ. ಆತನು 1904ರಲ್ಲಿ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟಿನಲ್ಲಿ ಜನಿಸಿದನು. ಇಂಜಿನಿಯರಿಂಗ್ ಓದಿ, ಚಿಲಿ ದೇಶದಲ್ಲಿ ವಿದ್ಯುತ್ ರೈಲು ಎಂಜಿನುಗಳನ್ನು ನೋಡಿಕೊಂಡು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಮತ್ತೆ ಓದಿ, ನೆಲದಡಿಯ ಎಣ್ಣೆಯನ್ನು ಹುಡುಕುವ ಕೆಲಸವನ್ನೂ ಮಾಡಿದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೋಪಿನ ಹೊರವಲಯದಲ್ಲಿ ಸೈನ್ಯವು ಮದ್ದುಗುಂಡುಗಳನ್ನು ಪರೀಕ್ಷಿಸುವ ವಿಶಾಲವಾದ ಬಯಲೊಂದನ್ನು ಏರ್ಪಡಿಸಿತ್ತು. ಅಲ್ಲಿಗೆ ಅಧಿಕಾರಿಯಾಗಿ ಬಂದ ಕ್ಲಿಪ್ಶ್, ಹಗಲೆಲ್ಲ ಫಿರಂಗಿಗಳ ಸದ್ದನ್ನು ಕೇಳಿ ರಾತ್ರಿ ತನ್ನ ಬಿಡಾರದ ಮೂಲೆಯಲ್ಲಿ ತಾನೇ ಕಟ್ಟಿದ ಪೆಟ್ಟಿಗೆಯಿಂದ ಸಂಗೀತವನ್ನು ಕೇಳುತ್ತಿದ್ದನು. ಅದನ್ನು ಕೇಳಿದ ಜೊತೆಗಾರರು ಇಂಥದನ್ನು ಮಾರಾಟಕ್ಕೆ ಮಾಡಬಾರದೇಕೆಂದು ಒತ್ತಾಯಿಸಿದರೆಂದು ಹೇಳುವರು. 1945ರಲ್ಲಿ ಆ ರಚನೆಗೆ ಪೇಟೆಂಟು ದೊರೆಯಿತು. ಯುದ್ಧ ಮುಗಿದು ಸೈನ್ಯ ಹೊರಟುಹೋಯಿತು, ಕ್ಲಿಪ್ಶ್ ಉಳಿದುಕೊಂಡನು. ಮೊದಲು ಒಂದು ತಗಡಿನ ಕೊಟ್ಟಿಗೆಯಲ್ಲಿ, ಆಮೇಲೆ ಸೈನ್ಯವು ಬಿಟ್ಟುಹೋದ ಟೆಲಿಫೋನು ಕಚೇರಿಯ ಕಟ್ಟಡದಲ್ಲಿ ಕೆಲಸ ನಡೆಯಿತು. ಆ ಕಟ್ಟಡವು ವಸ್ತುಸಂಗ್ರಹಾಲಯವಾಗಿ ಮಾರ್ಪಟ್ಟಿತು.

ಆ ಪೆಟ್ಟಿಗೆಯ ಮರ್ಮವೇನೆಂಬುದನ್ನು ಇಲ್ಲಿ ವಿವರಿಸಬೇಕು. ಅದು ತಿಳಿಯದಿದ್ದರೆ ಮುಂದಿನ ಮಾತಿಗೆ ಅರ್ಥವಿಲ್ಲ. ದೂರದಲ್ಲಿರುವವರನ್ನು ಕೂಗುವಾಗ ನಾವು ಅಂಗೈಗಳನ್ನು ಬಾಯಿಯ ಸುತ್ತ ಹಿಡಿಯುವೆವಷ್ಟೆ. ಕಹಳೆಯ ಬಾಯಿ, ನಾಗಸ್ವರದ ತುದಿಯ ಅರಳಿದ ಭಾಗ, ಹಳೆಯ ಗ್ರಾಮೋಫೋನಿನ ಹೂವಿನಾಕಾರದ ಕೊಳವೆ, ಇವೆಲ್ಲವೂ ಆ ಅಂಗೈಗಳ ಬಂಧುಗಳೇ. ಅಲ್ಪವಾದ ಕಂಪನವನ್ನು ಮೆಲ್ಲಮೆಲ್ಲನೆ ಅಗಲವಾಗುವ ದಾರಿಯಲ್ಲಿ ಕರೆದೊಯ್ದು ಹೊರಗಿನ ಗಾಳಿಗೆ ಒಪ್ಪಿಸಿದರೆ, ಶಕ್ತಿಯು ವ್ಯರ್ಥವಾಗದೆ ಧ್ವನಿಯಾಗುವುದು. ಆದರೆ ತಗ್ಗಿನ ಸ್ವರಗಳಿಗೆ ದೊಡ್ಡ ಕಹಳೆ ಬೇಕು. ಸೆಕೆಂಡಿಗೆ 33 ಬಾರಿ ಕಂಪಿಸುವ ಸ್ವರದ ಒಂದು ಅಲೆಯ ಉದ್ದವೇ ಸುಮಾರು 34 ಅಡಿ. ಅದಕ್ಕೆ ತಕ್ಕ ನೇರ ಕಹಳೆಯನ್ನಿಟ್ಟರೆ ಮನೆಯಲ್ಲಿ ಮನುಷ್ಯರಿಗೆ ಸ್ಥಳವಿರದು. ಕ್ಲಿಪ್ಶ್ ಎರಡು ಉಪಾಯಗಳನ್ನು ಮಾಡಿದನು. ಕಹಳೆಯನ್ನು ಪೆಟ್ಟಿಗೆಯೊಳಗೇ ಮಡಿಸಿಟ್ಟನು. ಪೆಟ್ಟಿಗೆಯನ್ನು ಕೋಣೆಯ ಮೂಲೆಗೆ ಸೇರಿಸಿ, ಎರಡು ಗೋಡೆಗಳನ್ನೂ ನೆಲವನ್ನೂ ಕಹಳೆಯ ಮುಂದಿನ ಭಾಗವನ್ನಾಗಿ ಮಾಡಿಕೊಂಡನು. ಮನೆಯೇ ವಾದ್ಯದ ಅಂಗವಾಯಿತು. ಇದಕ್ಕೆ ಕ್ಲಿಪ್ಶ್‌ಹಾರ್ನ್ ಎಂದು ಹೆಸರು. ಎತ್ತರ 53 ಅಂಗುಲ, ತೂಕ ಒಂದೊಂದೂ ಸುಮಾರು 100 ಕಿಲೋಗ್ರಾಂ.

ಇದರ ಫಲವು ಲೆಕ್ಕದಲ್ಲಿ ಎದ್ದು ಕಾಣುವುದು. ಸಾಧಾರಣ ಮನೆಯ ಧ್ವನಿವರ್ಧಕವು ತನಗೆ ಕೊಟ್ಟ ವಿದ್ಯುಚ್ಛಕ್ತಿಯಲ್ಲಿ ನೂರರಲ್ಲೊಂದು ಪಾಲನ್ನೂ ಧ್ವನಿಯಾಗಿ ಮಾಡಲಾರದು. ಉಳಿದುದೆಲ್ಲ ಬರಿಯ ಶಾಖ. ಒಂದು ವಾಟು ಶಕ್ತಿಯನ್ನು ಕೊಟ್ಟು ಒಂದು ಮೀಟರು ದೂರದಲ್ಲಿ ಅಳೆದರೆ ಅಂಥವು 85 ಡೆಸಿಬೆಲಿನ ಸುತ್ತಮುತ್ತ ನಿಲ್ಲುವುವು. ಕ್ಲಿಪ್ಶ್‌ಹಾರ್ನಿಗೆ ಕಂಪೆನಿಯು ಹೇಳುವ ಅಂಕ 105. ಇಪ್ಪತ್ತು ಡೆಸಿಬೆಲಿನ ಅಂತರವೆಂದರೆ ನೂರು ಪಟ್ಟು ಶಕ್ತಿ. ಅಲ್ಲಿ 100 ವಾಟು ಮಾಡುವ ಕೆಲಸವನ್ನು ಇಲ್ಲಿ ಒಂದು ವಾಟು ಮಾಡುವುದು. ಈ ದೇಶಕ್ಕೆ ಬೇಕಾದುದು ಒಂದು ಒಳ್ಳೆಯ ಐದು ವಾಟಿನ ಆಂಪ್ಲಿಫೈಯರು ಎಂದು ಕ್ಲಿಪ್ಶ್ ಹೇಳುತ್ತಿದ್ದುದು ಹುಡುಗಾಟದ ಮಾತಲ್ಲ. ಕಡಿಮೆ ಅಲುಗಾಡಿ ಹೆಚ್ಚು ನುಡಿಯುವುದರಿಂದ ಧ್ವನಿಯು ಕೆಡುವುದೂ ಕಡಿಮೆ ಎಂಬುದು ಆತನ ಸಿದ್ಧಾಂತ. ಅದನ್ನು ಆತನು ವಿದ್ವತ್ಪತ್ರಿಕೆಗಳಲ್ಲಿ ಅಳತೆಗಳೊಡನೆ ಪ್ರತಿಪಾದಿಸಿದನು. ಒಪ್ಪದ ಮಾತು ಕಿವಿಗೆ ಬಿದ್ದರೆ ಕೋಟಿನ ಅಂಚನ್ನು ಮಡಿಸಿ, ಅದರ ಹಿಂದೆ ಸಿಕ್ಕಿಸಿಕೊಂಡಿದ್ದ ಹಳದಿ ಬಿಲ್ಲೆಯೊಂದನ್ನು ತೋರಿಸುವನು. ಆ ಬಿಲ್ಲೆಯ ಮೇಲಿನ ಶಬ್ದವನ್ನು ಸಂಸಾರಸ್ಥರು ಓದುವ ಈ ಪತ್ರಿಕೆಯಲ್ಲಿ ಅಚ್ಚುಹಾಕುವಂತಿಲ್ಲ. ಶುದ್ಧ ಬೊಗಳೆ ಎಂಬುದಕ್ಕೆ ಅದು ಸಮೀಪವೆಂದಿಷ್ಟು ಹೇಳಬಹುದು.

ನಾವು ಇಂಥ ಒಂದು ಜೋಡಿಯ ಮುಂದೆ ಕುಳಿತು ಕೇಳಿದೆವು. ನಮ್ಮೊಡನೆ ನಾಗಸ್ವರ ಮತ್ತು ಡೋಲಿನ ಧ್ವನಿಮುದ್ರಣವೊಂದಿತ್ತು. ಕಹಳೆಯ ಬಾಯಲ್ಲಿ ಕಹಳೆಯ ಬಂಧುವು ಹೇಗೆ ನುಡಿದೀತೆಂಬ ಕುತೂಹಲ. ಡೋಲಿನ ಮೊದಲ ಪೆಟ್ಟಿಗೇ ಬೆನ್ನು ನೆಟ್ಟಗಾಯಿತು. ಸದ್ದು ದೊಡ್ಡದೆಂದಲ್ಲ, ಪೆಟ್ಟು ಬಿದ್ದ ಕ್ಷಣವೂ ಅದು ಅಡಗಿದ ಕ್ಷಣವೂ ಬೇರೆಬೇರೆಯಾಗಿ ಕಂಡವು. ವಾದಕನು ಉಸಿರು ಹೆಚ್ಚಿಸಿದಂತೆಲ್ಲ ಸ್ವರವು ಬಿರಿಯದೆ, ಕಿರಿಚದೆ, ಗುಡಿಯ ಪ್ರಾಕಾರದಲ್ಲಿ ಕೇಳುವಂತೆ ಬೆಳೆಯಿತು. ಮೆಲ್ಲನೆಯ ಆಲಾಪನೆಯಲ್ಲಿ ಯಂತ್ರವೊಂದು ನಡುವೆ ಇದೆಯೆಂಬುದೇ ಮರೆತಿತು.

ಆದರೆ ಒಮ್ಮುಖವಾದ ಹೊಗಳಿಕೆ ವಾಚಕರಿಗೆ ಉಪಕಾರವಲ್ಲ. ಕಹಳೆಯನ್ನು ಒಲ್ಲದವರ ಆಕ್ಷೇಪಣೆಗಳೂ ಉಂಟು. ಕೊಳವೆಯಿಂದ ಬರುವ ದನಿಗೆ ಕೊಳವೆಯದೇ ಒಂದು ಛಾಯೆ ಅಂಟುವುದೆಂದೂ, ಧ್ವನಿಯು ಎದುರಿಗೇ ಬಂದು ನಿಲ್ಲುವುದೆಂದೂ, ಮಡಿಸಿದ ದಾರಿಯಲ್ಲಿ ಸುತ್ತಿ ಬರುವ ತಗ್ಗಿನ ಸ್ವರವು ಹೆಚ್ಚಿನ ಸ್ವರಕ್ಕಿಂತ ಸೆಕೆಂಡಿನ ಸಾವಿರದ ಕೆಲವು ಪಾಲಿನಷ್ಟು ತಡವಾಗುವುದೆಂದೂ ಅವರು ಹೇಳುವರು. ಇವೆಲ್ಲಕ್ಕಿಂತ ದೊಡ್ಡ ತೊಡಕು ಮೂಲೆಯದು. ಎರಡು ಒಳ್ಳೆಯ ಮೂಲೆಗಳು, ಅವುಗಳ ನಡುವೆ ತಕ್ಕ ಅಂತರ, ಬಾಗಿಲಿಲ್ಲದ ಗೋಡೆ, ಇವು ಎಷ್ಟು ಮನೆಗಳಲ್ಲಿ ಸಿಕ್ಕಾವು? ಕಂಪೆನಿಯೂ ಇದನ್ನು ಬಲ್ಲದು. 1957ರಲ್ಲಿ ಮೂಲೆಯ ಹಂಗಿಲ್ಲದ ಸಣ್ಣ ಪೆಟ್ಟಿಗೆಯನ್ನು ಮಾಡಿ ಅದಕ್ಕೆ ಹೆರೆಸಿ, ಅಂದರೆ ಪಾಷಂಡಮತ, ಎಂದು ಹೆಸರಿಟ್ಟರು. ಮೂಲೆಯ ಆಚಾರ್ಯನೇ ಮೂಲೆಯನ್ನು ಬಿಟ್ಟನೆಂಬ ವಿನೋದ. 1963ರ ಲಾ ಸ್ಕಾಲಾ ಎಂಬ ಕಹಳೆಯು, ವಿಂತ್ರಾಪ್ ರಾಕ್‌ಫೆಲ್ಲರ್ ಎಂಬಾತನು ಆರ್ಕನ್ಸಾದ ಗವರ್ನರ್ ಪದವಿಗೆ ಸ್ಪರ್ಧಿಸಿದಾಗ ಭಾಷಣಗಳಿಗೆ ಒದಗಿತು. 2019ರಲ್ಲಿ ಕ್ಲಿಪ್ಶ್‌ಹಾರ್ನಿಗೂ ಹಿಂಬದಿಯನ್ನು ಮುಚ್ಚಿ, ಗೋಡೆಗೆ ಬಿಗಿಯಾಗಿ ಒತ್ತಿಡಬೇಕೆಂಬ ಕಟ್ಟುಪಾಡನ್ನು ಸಡಿಲಿಸಿದರು. ಅಷ್ಟಾದರೂ 1946ರಿಂದ ಅದರ ತಯಾರಿಕೆಯು ನಿಂತಿಲ್ಲ, ಮೂಲಭಾವವೂ ಬದಲಾಗಿಲ್ಲ.

ಅದನ್ನು ಇಂದಿಗೂ ಕಟ್ಟುವುದು ಹೋಪಿನಲ್ಲಿಯೇ. ಒಂದೇ ಮರದಿಂದ ತೆಗೆದ ತೆಳುಹಾಳೆಗಳನ್ನು ಎರಡು ಪೆಟ್ಟಿಗೆಗಳಿಗೂ ಹೊಂದಿಸಿ ಅಂಟಿಸುವರು. ಜೋಡಿಯ ನಾರುಗಳು ಅವಳಿಮಕ್ಕಳ ಮುಖದಂತೆ ಒಂದಕ್ಕೊಂದು ಸಮನಾಗಿರಬೇಕು. ಹಿಂಬದಿಯ ಚೀಟಿಯಲ್ಲಿ ಕೆಲಸಗಾರರು ಸಹಿ ಹಾಕುವರು. ಕೈಸಹಿಯಿರುವ ವಸ್ತುವಿಗೆ ಒಂದು ಹೊಣೆಗಾರಿಕೆಯುಂಟು. ಆದಕಾರಣ ಬೆಲೆಯೂ ಬಡವರ ಪಾಲಿನದಲ್ಲ. ಒಂದು ಜೋಡಿಗೆ 15,000 ಡಾಲರಿಗೂ ಮೇಲೆ. ಇದೇ ಹೆಸರನ್ನು ಹೊತ್ತು ಅಂಗಡಿಗಳಲ್ಲಿ ಮಾರಾಟವಾಗುವ ಸುಲಭ ಬೆಲೆಯ ಸರಕು ಬಹುಪಾಲು ದೂರದೇಶದ ಕಾರ್ಖಾನೆಗಳಲ್ಲಿ ತಯಾರಾಗುವುದು. ಹೀಗೆ ಒಂದೇ ಹೆಸರಿನಡಿಯಲ್ಲಿ ಎರಡು ಲೋಕಗಳು ಬಾಳುತ್ತಿವೆ.

ಭವಿಷ್ಯದ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಕ್ಲಿಪ್ಶ್ 1989ರಲ್ಲಿ ಕಂಪೆನಿಯನ್ನು ಬಂಧುವಾದ ಫ್ರೆಡ್ ಕ್ಲಿಪ್ಶ್‌ಗೆ ಮಾರಿದನು. ಮುಖ್ಯ ಕಚೇರಿಯು ಇಂಡಿಯಾನಾಪೊಲಿಸಿಗೆ ಹೋಯಿತು. ತಾನು ಮಾತ್ರ ಹೋಪಿನಲ್ಲಿಯೇ ಇದ್ದು, 2002ರಲ್ಲಿ 98 ವರ್ಷಗಳ ತುಂಬುಬಾಳನ್ನು ಮುಗಿಸಿದನು. 2011ರಲ್ಲಿ ಆಡಿಯೋವಾಕ್ಸ್ ಎಂಬ ಸಂಸ್ಥೆಯು ಇದನ್ನು ಕೊಂಡು, ಬಳಿಕ ವಾಕ್ಸ್ ಎಂದು ಹೆಸರು ಬದಲಿಸಿಕೊಂಡಿತು. 2025ರ ಏಪ್ರಿಲಿನಲ್ಲಿ ಆ ವಾಕ್ಸನ್ನೇ ಮಿಚಿಗನ್ ರಾಜ್ಯದ ಜೆಂಟೆಕ್ಸ್ ಎಂಬ ಕಂಪೆನಿಯು ಕೊಂಡಿತು. ಜೆಂಟೆಕ್ಸ್ ಪ್ರಸಿದ್ಧವಾದುದು ಮೋಟಾರುಗಾಡಿಯ ಕನ್ನಡಿಗಳಿಂದ. ರಾತ್ರಿ ಹಿಂದಿನ ಗಾಡಿಯ ದೀಪ ಬಿದ್ದರೆ ತಾವಾಗಿಯೇ ಮಬ್ಬಾಗುವ ಕನ್ನಡಿಗಳು ಅವು. ಹಿಂದೆ ಬರುವುದನ್ನು ತೋರಿಸುವ ಕನ್ನಡಿಯವರ ಕೈಗೆ ಕಹಳೆಯು ಬಂದಿದೆ. ಮುಂದೆ ಬರುವುದನ್ನು ಅವರೂ ಕಾಣಬಲ್ಲರೆಂದು ಹಾರೈಸೋಣ.

ಲೆಕ್ಕಪತ್ರದವರ ಕಣ್ಣಿಗೆ ಈ ದೊಡ್ಡ ಪೆಟ್ಟಿಗೆಗಳು ಅಲ್ಪ ವ್ಯಾಪಾರ. ಜಗತ್ತು ಅಂಗೈಯಗಲದ ತಂತಿಯಿಲ್ಲದ ಡಬ್ಬಿಗಳ ಕಡೆಗೆ ಹೊರಳಿದೆ. ಯಾವನಾದರೂ ಒಡೆಯನು, ಹೆಸರೊಂದಿದ್ದರೆ ಸಾಕು, ಮರಗೆಲಸವೇಕೆ ಎಂದು ಯೋಚಿಸಿದರೆ ಆಶ್ಚರ್ಯವಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅದೇ ಈ ಕಂಪೆನಿಗೆ ಒದಗಬಹುದಾದ ನಿಜವಾದ ಅಪಾಯ. ಹೋಪಿನಲ್ಲಿ ಕಟ್ಟುವ ಕಹಳೆಯಿಂದಲೇ ಉಳಿದ ಸರಕಿಗೆಲ್ಲ ಮರ್ಯಾದೆ. ಬಾವಿಯನ್ನು ಮುಚ್ಚಿ ಕೊಡವನ್ನು ಮಾರುವುದು ಬಹುಕಾಲ ನಡೆಯದು. ಮತ್ತೆ, ಇಂಥ ಸಣ್ಣ ಊರಿನಲ್ಲಿ ಕೈಕಸುಬು ಒಮ್ಮೆ ತಪ್ಪಿದರೆ ಹಣ ಸುರಿದರೂ ಮರಳಿ ಬಾರದು. ಕಹಳೆಯನ್ನು ಮಡಿಸುವ ಲೆಕ್ಕ ಪೇಟೆಂಟಿನ ಕಾಗದದಲ್ಲಿ ಉಳಿದೀತು. ಗರಗಸ ಹಿಡಿದ ಕೈಯ ಅಂದಾಜು ಕಾಗದದಲ್ಲಿ ಉಳಿಯದು.

ವಾಚಕರಲ್ಲಿ ಯಾರಾದರೂ ಮನೆಗೆ ಧ್ವನಿವರ್ಧಕವನ್ನು ಕೊಳ್ಳುವವರಿದ್ದರೆ ಅವರಿಗೆ ನಮ್ಮದೊಂದು ವಿಜ್ಞಾಪನೆ. ಹಲಗೆಯ ಮೇಲಿನ ಹೆಸರನ್ನು ನೋಡಿ ಹಣವೆಣಿಸಬೇಡಿ. ನೂರು ಸಾರಿ ಕೇಳಿ ಬಾಯಿಪಾಠವಾಗಿರುವ ಹಾಡೊಂದನ್ನು ಕೊಂಡೊಯ್ದು, ಮೆಲ್ಲಗೂ ಗಟ್ಟಿಯಾಗಿಯೂ ನುಡಿಸಿ ಕೇಳಿರಿ. ಎಲ್ಲಿ ಕಟ್ಟಿದ್ದು, ಕೆಟ್ಟರೆ ಬಿಡಿಭಾಗ ಸಿಕ್ಕುವುದೆ ಎಂದು ವಿಚಾರಿಸಿರಿ. ನಿಮ್ಮ ಕೋಣೆಯ ಅಳತೆಯನ್ನು ಮರೆಯಬೇಡಿರಿ. ಹಳೆಯ ಹೆಸರುಗಳನ್ನು ಪ್ರಾಮಾಣಿಕವಾಗಿರಿಸುವುದು ಒಡೆಯರ ಸಂಕಲ್ಪವಷ್ಟೇ ಅಲ್ಲ, ಕೊಳ್ಳುವವರ ಕಿವಿಯೂ ಹೌದು. ಅಂಥ ಕಿವಿಗಳು ಇರುವವರೆಗೆ, ಭರವಸೆಯೆಂಬ ಆ ಊರಿನಲ್ಲಿ ಗರಗಸದ ಸದ್ದು ಅಡಗಬೇಕಾಗಿಲ್ಲ.