ಕೋವಿಯ ಬಾಣಂತನ

ಅಪ್ಪಯ್ಯ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದವುಗಳಲ್ಲಿ ಪಹಣಿಗೆ ಸೇರದ್ದು ಎರಡೇ: ಒಂದು ಸೊಂಟನೋವು, ಇನ್ನೊಂದು ಕೇಪಿನ ಕೋವಿ. ಸೊಂಟನೋವಿಗೆ ಯಾರೂ ಕಾಗದ ಕೇಳಲಿಲ್ಲ. ಕೋವಿಗೆ ವಂಶವೃಕ್ಷ, ಮರಣಪತ್ರ, ಅಮ್ಮನ ಮತ್ತು ತಂಗಿಯ ಒಪ್ಪಿಗೆ, ಸಾಲದ್ದಕ್ಕೆ ಬಂದೂಕು ತರಬೇತಿಯ ಪ್ರಮಾಣಪತ್ರ, ಎಲ್ಲವೂ ಬೇಕಾಯಿತು. ತರಬೇತಿಯಲ್ಲಿ ನನ್ನ ಕೈಗೆ ಕೊಟ್ಟದ್ದು ಪಾಯಿಂಟ್ ಟೂ ಟೂ ರೈಫಲು. "ನಮ್ಮನೇದು ಬಾಯಿಂದ ಮದ್ದು ತುಂಬೋ ಕೋವಿ ಸಾರ್" ಎಂದೆ. "ಅದನ್ನ ನಿಮ್ಮಜ್ಜನ ಹತ್ರಾನೇ ಕಲೀಬೇಕು ಕಣ್ರೀ" ಎಂದರು. ಅಜ್ಜಯ್ಯ ಹೋಗಿದ್ದು 1984ರಲ್ಲಿ.

ಲೈಸೆನ್ಸಿನಲ್ಲಿ ಅದರ ಹೆಸರು ಎಸ್‌ಬಿಎಂಎಲ್. ಒಂಟಿ ನಳಿಗೆ, ಬಾಯಿಂದ ತುಂಬುವಂಥದ್ದು ಎಂದರ್ಥ. ರೈಫಲ್ಲಿನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ, ಇದರದ್ದು ಬೋಳು. ಮಸಿ, ಅಂದರೆ ಕರಿಮದ್ದು ಸುರಿದು, ಕತ್ತದ ಉಂಡೆ ಜಡಿದು, ಚರೆ ಹಾಕಿ, ಮತ್ತೊಂದು ಉಂಡೆ ಜಡಿದು, ಹಿಂದಿನ ಸಣ್ಣ ಮೂತಿಗೆ ಕೇಪು ಕೂರಿಸಿ, ಆಮೇಲೆ ಕುದುರೆ ಎಳೆಯಬೇಕು. ಅಷ್ಟು ಹೊತ್ತಿಗೆ ಹಂದಿ ಗೆಣಸಿನ ಏರಿ ಮುಗಿಸಿ ಪಕ್ಕದ ಮನೆಯ ಗದ್ದೆಗೆ ಇಳಿದಿರುತ್ತದೆ.

ಅಟ್ಟದಿಂದ ಇಳಿಸಿದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ, ಸಿನಿಮಾ ನೋಡಿದವರೆಲ್ಲ ಮಾಡುವ ಹಾಗೆ ಕೋವಿಯನ್ನು ಹೆಗಲಿಗೇರಿಸಿ ತೆಂಗಿನಮರಕ್ಕೆ ಗುರಿಯಿಟ್ಟು ಕುದುರೆಗೆ ಕೈ ಹಾಕಿದ್ದು. ಜಗಲಿಯಲ್ಲಿ ಎಲೆ ಹಾಕುತ್ತಿದ್ದ ಮೇಲ್ಮನೆ ದೊಡ್ಡಯ್ಯ ಚೀಲ ಬಿಸಾಡಿ ಎದ್ದರು. "ಎಂತ ಮಾರಾಯ, ಕೆಳಗಿಡು ಅದನ್ನ! ಬಸುರಿಯೋ ಅಲ್ಲವೋ ಅಂತ ನೋಡಬೇಡ್ವಾ ಮೊದಲು?"

ಅವರ ನೋಡುವ ಕ್ರಮ ಸುಲಭ. ಕೋವಿಯ ಬಾಯಿಗೆ ಯಾರೂ ಮುಖ ಒಡ್ಡದ ಹಾಗೆ ಮದ್ದು ಜಡಿಯುವ ಸರಳನ್ನು ನಳಿಗೆಯೊಳಗೆ ತಳದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಉಗುರಿನಿಂದ ಗುರುತು ಮಾಡಿದರು. ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲೇ ಹಿಡಿದರು. ಸರಳಿನ ತುದಿ ಕೇಪಿನ ಮೂತಿಯ ತನಕ ಬರಬೇಕಿತ್ತು. ನಾಲ್ಕು ಬೆರಳು ಹಿಂದೆಯೇ ನಿಂತಿತು.

"ತುಂಬು ಬಸುರಿ" ಎಂದರು ದೊಡ್ಡಯ್ಯ.

ಅಪ್ಪಯ್ಯ ಒಂದು ದಿನವೂ ಆ ಕೋವಿ ಹೊಡೆದವರಲ್ಲ. ಅವರ ಕಾಲಕ್ಕೆ ಪಟಾಕಿ ಬಂತು, ಸೋಲಾರ್ ಬೇಲಿ ಬಂತು. ಅವರು ಕೋವಿಯ ಹೊರಮೈ ಒರೆಸಿ ಅಟ್ಟಕ್ಕೆ ಸೇರಿಸುತ್ತಿದ್ದರು ಅಷ್ಟೆ. ಅಂದಮೇಲೆ ಒಳಗಿದ್ದದ್ದು ಅಜ್ಜಯ್ಯನ ಕಡೇ ಈಡು. ಯಾವುದೋ ರಾತ್ರಿ ಹಂದಿಗೆಂದು ತುಂಬಿ ಕೂತಿದ್ದಾರೆ, ಹಂದಿ ಬಂದಿಲ್ಲ, ಕೇಪು ತೆಗೆದಿಟ್ಟು ಮಲಗಿದ್ದಾರೆ. ನಲವತ್ತು ವರ್ಷ ಕಳೆದರೂ ಮದ್ದಿಗೆ ಮುಪ್ಪಿಲ್ಲ. ನೀರು ತಾಗದಿದ್ದರೆ ಕರಿಮದ್ದು ನೂರು ವರ್ಷವಾದರೂ ಕಾಯುತ್ತದೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಸೇರಿದ ಹಳೇ ಫಿರಂಗಿಯೊಂದನ್ನು 2013ರಲ್ಲಿ ತುಕ್ಕು ತೆಗೆಯಲು ಬಿಚ್ಚಿದರೆ, ಒಳಗೆ ಗುಂಡೂ ಮುಕ್ಕಾಲು ಕಿಲೋಗೂ ಮಿಕ್ಕಿ ಮದ್ದೂ ಹಾಗೆಯೇ ಕೂತಿದ್ದವಂತೆ. 1780ರಲ್ಲಿ ಮುಳುಗಿದ ಬ್ರಿಟಿಷ್ ಹಡಗಿನ ಫಿರಂಗಿ ಅದು. ಪೊಲೀಸರು ಬಂದು ಹೆರಿಗೆ ಮಾಡಿಸಬೇಕಾಯಿತು. ಅದೇ ದೇಶದ ಅಂತರ್ಯುದ್ಧದಲ್ಲಿ, 1863ರ ಗೆಟ್ಟಿಸ್‌ಬರ್ಗ್ ಕದನದ ನಂತರ ಮೈದಾನದಿಂದ ಆಯ್ದು ತಂದ 27,574 ಬಂದೂಕುಗಳಲ್ಲಿ ಸುಮಾರು 24,000 ಬಂದೂಕುಗಳೊಳಗೆ ಈಡು ಇತ್ತೆಂದು ಲೆಕ್ಕ ಬರೆದಿಟ್ಟಿದ್ದಾರೆ. ಅವುಗಳಲ್ಲಿ ಅರ್ಧದಷ್ಟರಲ್ಲಿ ಎರಡೆರಡು ಈಡು. ಒಂದರಲ್ಲಂತೂ ಇಪ್ಪತ್ತಮೂರು! ಗದ್ದಲದಲ್ಲಿ ತನ್ನ ಕೋವಿ ಹಾರಿತೋ ಇಲ್ಲವೋ ತಿಳಿಯದೆ ಆ ಸಿಪಾಯಿ ತುಂಬುತ್ತಲೇ ಹೋಗಿದ್ದಾನೆ. ನನಗೆ ಅವನ ಮೇಲೆ ನಗು ಬರುವುದಿಲ್ಲ.

ಆದರೆ ನಮ್ಮ ಕೋವಿಯದು ಇನ್ನೊಂದು ಸಂಗತಿ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಬೇಕು. ಲೋಕಸಭೆ, ವಿಧಾನಸಭೆ, ಪಂಚಾಯಿತಿ ಎಂದು ಅಪ್ಪಯ್ಯ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಕೊಂಡೊಯ್ಯುತ್ತಿದ್ದರು, ಫಲಿತಾಂಶ ಬಂದ ಮೇಲೆ ಹಾಗೆಯೇ ತರುತ್ತಿದ್ದರು. ರಸೀದಿಗಳನ್ನೆಲ್ಲ ತಂತಿಗೆ ಚುಚ್ಚಿಟ್ಟಿದ್ದಾರೆ. ಅವುಗಳಲ್ಲಿ ಕೋವಿಯ ನಂಬರಿದೆ, ಅಪ್ಪಯ್ಯನ ರುಜುವಿದೆ, ಠಾಣೆಯ ಮೊಹರಿದೆ. ಹೊಟ್ಟೆಯೊಳಗಿನದರ ಸುದ್ದಿಯಿಲ್ಲ. ನಾಡಿನ ಶಾಂತಿಗಾಗಿ ಒಪ್ಪಿಸಿದ ಕೋವಿ, ಫಲಿತಾಂಶ ಬರುವವರೆಗೆ, ಸರಕಾರಿ ಬೀಗದ ಕೋಣೆಯಲ್ಲಿ ಈಡು ತುಂಬಿಕೊಂಡೇ ಒರಗಿತ್ತು.

ಆಯುಧ ಒಪ್ಪಿಸಿ ಎಂದದ್ದಕ್ಕೆ 1857ರ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ದಂಗೆಯೆದ್ದರು. ಕಂಪನಿಯ ದಂಡು ಊರನ್ನೇ ಸುಟ್ಟಿತು, ಸೆರೆ ಸಿಕ್ಕವರನ್ನು ಗಲ್ಲಿಗೇರಿಸಿತು. ಅವರ ಮೇಲೆ ಲಾವಣಿ ಹುಟ್ಟಿತು. ನಮ್ಮಪ್ಪಯ್ಯ ಸಾಲಿನಲ್ಲಿ ನಿಂತು ರಸೀದಿ ಪಡೆದವರು. ಲಾವಣಿಗೆ ಅದರಲ್ಲೇನೂ ಸಿಗದು.

ಹೆರಿಗೆಗೆ ಎರಡು ದಿನ ಹಿಡಿಯಿತು. ದೊಡ್ಡಯ್ಯ ಕೊಟ್ಟಿಗೆಯ ಕಂಬಕ್ಕೆ ಕೋವಿಯನ್ನು ನೆಟ್ಟಗೆ ಕಟ್ಟಿ, ಹಿಂದಿನ ಮೂತಿಗೂ ಬಾಯಿಗೂ ನೀರು ಬಿಟ್ಟು ರಾತ್ರಿಯಿಡೀ ನೆನೆಹಾಕಿದರು. ನೀರು ಕುಡಿದ ಮದ್ದು ಬರೀ ಕೆಸರು. ಮಾರನೆಯ ದಿನ ಸರಳಿನ ತುದಿಗೆ ತಿರುಪು ಹಾಕಿ ತಿರುಗಿಸಿ ಎಳೆದಾಗ ಮೊದಲು ಕತ್ತದ ಉಂಡೆ ಬಂತು, ಆಮೇಲೆ ಬೆಳ್ಳಗೆ ಬೂದಿ ಹಿಡಿದ ಚರೆಗಳು, ಕೊನೆಗೆ ಕಪ್ಪು ರಾಡಿ. ಕೊಡಗಿನವರಲ್ಲಿ ಗಂಡುಮಗು ಹುಟ್ಟಿದರೆ ಕೋವಿ ಹಾರಿಸಿ ಊರಿಗೆ ಸಾರುವ ಪದ್ಧತಿಯಿದೆ. ನಮ್ಮ ಕೋವಿಯೇ ಹೆತ್ತಾಗ ಕೊಟ್ಟಿಗೆಯ ಎಮ್ಮೆಯೂ ತಲೆಯೆತ್ತಲಿಲ್ಲ.

ನಳಿಗೆ ತೊಳೆದಾಗ ಬುಡದಲ್ಲಿ 'ಮುಂಗೇರ್' ಎಂಬ ಅಕ್ಷರ ಕಂಡಿತು. ಬಿಹಾರದ ಊರು. 1762ರ ಹೊತ್ತಿಗೆ ಬಂಗಾಳದ ನವಾಬ ಮೀರ್ ಕಾಸಿಂ ರಾಜಧಾನಿಯನ್ನು ಅಲ್ಲಿಗೆ ಒಯ್ದು ಬಂದೂಕಿನ ಕಾರ್ಖಾನೆ ಹಾಕಿಸಿದ. ನವಾಬ ಸೋತು ಹೋದರೂ ಕಸುಬು ಅಲ್ಲೇ ಉಳಿಯಿತು. ಕೇಪಿನ ಕಥೆ ಇನ್ನೂ ದೂರದ್ದು. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬಲ್ಲಿ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಪಾದ್ರಿಗೆ ಬಾತುಕೋಳಿ ಬೇಟೆಯ ಹುಚ್ಚು. ಆಗಿನ ಚಕಮಕಿ ಕಲ್ಲಿನ ಕೋವಿಯಲ್ಲಿ ಮೊದಲು ಹೊರಗೆ ಬೆಂಕಿ ಫಕ್ಕೆನ್ನುವುದು, ಆಮೇಲೆ ಗುಂಡು ಹೊರಡುವುದು. ಆ ನಡುವೆ ಬಾತು ಹಾರಿ ಹೋಗುವುದು. ಬಡಿದರೆ ಸಿಡಿಯುವ ರಾಸಾಯನಿಕದಿಂದ ಮದ್ದಿಗೆ ಕಿಡಿ ಮುಟ್ಟಿಸುವ ಉಪಾಯಕ್ಕೆ ಅವನು 1807ರಲ್ಲಿ ಪೇಟೆಂಟ್ ಪಡೆದ. ಅದನ್ನು ತಾಮ್ರದ ಪುಟ್ಟ ಟೊಪ್ಪಿಗೆಯೊಳಗೆ ಕೂರಿಸಿದವರು ಬೇರೆಯವರು. ಹಕ್ಕಿ ತಪ್ಪಿಸಿಕೊಂಡ ಸಿಟ್ಟಿಗೆ ಪಾದ್ರಿಯೊಬ್ಬ ಮಾಡಿದ ಕೆಲಸ ನಮ್ಮೂರಿನ ಕೋವಿಗೆ ಹೆಸರು ಕೊಟ್ಟಿತು.

ಒಂದು ತಿಂಗಳ ನಂತರ, ಬಾಳೆಗೆ ಬಿದ್ದ ಮಂಗಗಳನ್ನು ಬೆದರಿಸಲೆಂದು ದೊಡ್ಡಯ್ಯನ ಎದುರಿಗೆ ಚರೆಯಿಲ್ಲದೆ ಬರೀ ಮಸಿಯ ಈಡು ಹೊಡೆದೆ. ಢಮ್ಮೆಂದ ಸದ್ದಿಗಿಂತ ಹೊಗೆಯೇ ದೊಡ್ಡದು. ಅದು ಕರಗುವ ತನಕ ಮಂಗವೂ ಕಾಣಲಿಲ್ಲ, ದೊಡ್ಡಯ್ಯನೂ ಕಾಣಲಿಲ್ಲ. ಆ ಉಮೇದಿನಲ್ಲಿ, ಬೈಕಿಗೆಂದು ತಂದಿಟ್ಟಿದ್ದ ಇಂಜಿನ್ ಆಯಿಲನ್ನು ನಳಿಗೆಗೆ ಬಿಟ್ಟು ಒರೆಸಿ ಅಟ್ಟಕ್ಕಿಟ್ಟೆ. ಹೊರಗೆ ಜೂನಿನ ಮಳೆ. ವಾರ ಬಿಟ್ಟು ಬಟ್ಟೆ ಇಳಿಸಿದರೆ ಟಾರಿನಂಥ ಜಿಗುಟು, ಅದರ ಅಡಿಯಲ್ಲಿ ಕೆಂಪು ತುಕ್ಕು. ಕರಿಮದ್ದು ಸುಟ್ಟರೆ ಅದರ ಅರ್ಧಕ್ಕೂ ಹೆಚ್ಚು ಭಾಗ ಗಾಳಿಯಾಗುವುದಿಲ್ಲ. ಒಂದಿಷ್ಟು ಹೊಗೆಯಲ್ಲಿ ತೇಲಿ ಹೋಗುತ್ತದೆ, ಉಳಿದದ್ದು ಉಪ್ಪಾಗಿ ನಳಿಗೆಗೆ ಮೆತ್ತುತ್ತದೆ. ಆ ಉಪ್ಪು ಮಲೆನಾಡಿನ ತೇವವನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ಎಣ್ಣೆಗೆ ಅದು ಕರಗದು, ನೀರಿಗೆ ಕರಗುತ್ತದೆ.

ಕೊನೆಗೆ ಅಮ್ಮನೇ ಎದ್ದು ಬಚ್ಚಲ ಹಂಡೆಗೆ ಬೆಂಕಿ ಹಾಕಿದಳು. "ನಿಮ್ಮಜ್ಜಯ್ಯ ಈಡು ಹೊಡೆದ ದಿನ ಅತ್ತೆಯೋರು ನಮಗೆ ಬಿಸಿನೀರು ಬಿಡ್ತಿರ್ಲಿಲ್ಲ. ಮೊದಲು ಕೋವಿಗೆ." ಕೈ ಸುಡುವ ನೀರನ್ನು ಚೊಂಬಿನಲ್ಲಿ ಹೊಯ್ದಂತೆ ಕೊಳೆತ ಮೊಟ್ಟೆಯ ನಾತ ಎದ್ದಿತು, ಮೂತಿಯಿಂದ ಕರಿನೀರು ಇಳಿಯಿತು. ಐದಾರು ಚೊಂಬಿಗೆ ತಿಳಿಯಾಯಿತು. ಕಬ್ಬಿಣ ಕಾದಿದ್ದರಿಂದ ನಳಿಗೆ ತಾನೇ ಆರಿತು. ಆಮೇಲೆ ಕೊಬ್ಬರಿ ಎಣ್ಣೆ, ಹಳೇ ಪಂಚೆಯ ಚೂರು, ಬೆಚ್ಚಗಿನ ಮೂಲೆ. ಒಂದು ಈಡಿಗೆ ಒಂದು ಬಾಣಂತನ. ಈಗ ಮಂಗ ಬಂದರೆ ನಾನು ಮೊದಲು ಕೈ ಚಪ್ಪಾಳೆ ತಟ್ಟುತ್ತೇನೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಇದ್ದರೆ ದಯವಿಟ್ಟು ಕುದುರೆ ಎಳೆದು ನೋಡಬೇಡಿ. ಮೂತಿಯಲ್ಲಿ ಕೇಪು ಇದ್ದರೆ ಸರಳನ್ನೂ ಮುಟ್ಟಬೇಡಿ. ತಿಳಿದ ಹಿರಿಯರೊಬ್ಬರು ಬರುವ ತನಕ ಅದನ್ನು ಇದ್ದಲ್ಲೇ ಬಿಡಿ.