ಅವರ ಗುರುಮಠ, ನಮ್ಮ ಮರಿದೇವರು



ಕಥೋಲಿಕ ಕ್ರೈಸ್ತರು ತಮ್ಮ ಪಾದ್ರಿಗಳನ್ನು ಸಿದ್ಧಪಡಿಸುವ ವಿದ್ಯಾಲಯಕ್ಕೆ ಸೆಮಿನರಿ ಎಂದು ಹೆಸರು. ಕನ್ನಡ ಕಥೋಲಿಕರು ಅದನ್ನು ಗುರುಮಠವೆಂದೂ ಪಾದ್ರಿಯಾಗುವ ವಿಧಿಯನ್ನು ಗುರುದೀಕ್ಷೆಯೆಂದೂ ಕರೆಯುತ್ತಾರೆ. ಗುರು, ಮಠ, ದೀಕ್ಷೆ ಇವೆಲ್ಲ ನಮ್ಮ ಮನೆಯ ಮಾತುಗಳೇ. ನಮ್ಮ ಜಿಲ್ಲೆಯ ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಜೆಸ್ವಿಟ್ ಸಂನ್ಯಾಸಿಗಳು ಕಾವಿಯುಟ್ಟು, ಶಾಕಾಹಾರಿಗಳಾಗಿ ಬಾಳಿ, ತಮ್ಮ ನೆಲೆಯನ್ನು ವಿರಕ್ತಮಠವೆಂದೇ ಕರೆದದ್ದನ್ನು ಬಲ್ಲವರು ನಿಮ್ಮಲ್ಲಿ ಇದ್ದೀರಿ. ಆ ವೇಷದ ಕುರಿತು ವಾದಗಳುಂಟು. ಅವು ನಮಗಿಲ್ಲಿ ಬೇಡ. ಅವರು ಒಬ್ಬ ಹುಡುಗನನ್ನು ಗುರುವಾಗಿಸುವ ಬಗೆ ಯಾವುದು ಎಂಬುದಷ್ಟೇ ನಮ್ಮ ಜಿಜ್ಞಾಸೆ.

ಪ್ರತಿಯೊಂದು ಧರ್ಮಪ್ರಾಂತಕ್ಕೂ ಸೆಮಿನರಿ ಬೇಕೆಂದು ವಿಧಿಸಿದುದು 1563ರಲ್ಲಿ, ಟ್ರೆಂಟ್ ನಗರದ ಧರ್ಮಸಭೆ. ಅದಕ್ಕೆ ಮುಂಚೆ ಸಾಕಷ್ಟು ಓದುಬರಹವಿಲ್ಲದವರೂ ಪಾದ್ರಿಗಳಾಗುತ್ತಿದ್ದರು. ಮಂಗಳೂರಿನಲ್ಲಿ ಜೆಸ್ವಿಟರು 1879ರಲ್ಲಿ ಸಂತ ಜೋಸೆಫರ ಸೆಮಿನರಿಯನ್ನು ಆರಂಭಿಸಿದರು. ಅದು ಇಂದು ಜೆಪ್ಪುವಿನಲ್ಲಿದೆ. ಫ್ರೆಂಚ್ ಮಿಶನರಿಗಳು 1778ರಲ್ಲಿ ಪುದುಚೇರಿಯಲ್ಲಿ ತೆರೆದ ಇನ್ನೊಂದು, 1934ರಲ್ಲಿ ಬೆಂಗಳೂರಿನ ಮಲ್ಲೇಶ್ವರಕ್ಕೆ ಬಂದಿತು. ನಮ್ಮಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ್ದು 1909ರಲ್ಲಿ. ಪೀಠವಿದ್ದೂ ವಿದ್ಯೆಯಿಲ್ಲದ ಸ್ವಾಮಿಯಿಂದ ಸಮಾಜಕ್ಕೇನು ಪ್ರಯೋಜನ ಎಂಬ ಚಿಂತೆ ಎರಡೂ ಕಡೆಗೆ ಸಮಾನವಾದುದು.

ಎರಡು ವರ್ಷ ತತ್ತ್ವಶಾಸ್ತ್ರ, ನಾಲ್ಕು ವರ್ಷ ದೇವಶಾಸ್ತ್ರ: ಇದು 1983ರ ಅವರ ಧರ್ಮಸಂಹಿತೆ ಹೇಳುವ ಕನಿಷ್ಠ ಅವಧಿ. ಪೂರ್ವಸಿದ್ಧತೆ, ನಡುವಿನ ಸೇವಾಕಾಲ ಇವು ಸೇರಿದರೆ ಅದು ಇನ್ನೂ ದೀರ್ಘ. ಓದಿನಲ್ಲಿ ನಮ್ಮವರೇನೂ ಹಿಂದೆ ಬಿದ್ದಿಲ್ಲ. ಕಾಶಿಯಲ್ಲಿ ವ್ಯಾಕರಣ, ನ್ಯಾಯಗಳನ್ನು ಅರಗಿಸಿಕೊಂಡು ಬಂದವರು ನಮ್ಮ ಮಠಗಳಲ್ಲಿ ಎಷ್ಟೋ ಮಂದಿ. ನಮ್ಮನ್ನು ತಡೆದು ನಿಲ್ಲಿಸಿದುವು ಬೇರೆ ಎರಡು ನಿಯಮಗಳು.

ಸೆಮಿನರಿಯಲ್ಲಿ ಶಿಸ್ತನ್ನು ನೋಡುವ ಮುಖ್ಯಸ್ಥರು ಬೇರೆ, ವಿದ್ಯಾರ್ಥಿಯ ಅಂತರಂಗವನ್ನು ಕೇಳುವ ಆಧ್ಯಾತ್ಮಿಕ ಗುರು ಬೇರೆ. ಅವನಿಗೆ ದೀಕ್ಷೆ ಕೊಡಬೇಕೇ, ಅವನನ್ನು ಹೊರಗೆ ಕಳಿಸಬೇಕೇ ಎಂದು ನಿರ್ಣಯಿಸುವಾಗ ಈ ಎರಡನೆಯವರ ಅಭಿಪ್ರಾಯವನ್ನು ಎಂದಿಗೂ ಕೇಳಕೂಡದು. ಹುಡುಗನು ತನ್ನ ಸಂಶಯವನ್ನು, ಕಾಮನೆಯನ್ನು ನಿರ್ಭಯವಾಗಿ ಹೇಳಿಕೊಳ್ಳಲು ಒಂದು ಕಿವಿಯಾದರೂ ಇರಲಿ ಎಂಬುದು ಇದರ ಆಶಯ. ನಮ್ಮಲ್ಲಿ ಗುರುವೊಬ್ಬನೇ; ಪ್ರೀತಿಸುವವನೂ ಅವನೇ, ಪಟ್ಟಗಟ್ಟುವವನೂ ಅವನೇ. ಅದರಲ್ಲಿ ಒಂದು ಸೊಗಸುಂಟು, ನಿಜ. ಆದರೆ ಪಟ್ಟದ ಆಸೆಯುಳ್ಳ ಶಿಷ್ಯನು ಅಂಥ ಗುರುವಿನ ಮುಂದೆ ಬಾಯಿ ಬಿಡುವನೇ? ಯೋಚಿಸಿರಿ.

ಎರಡನೆಯದು: ದೀಕ್ಷೆಯ ಮುನ್ನ ಅಭ್ಯರ್ಥಿಯು ತನ್ನ ಸ್ವಂತ ಕೈಬರಹದಲ್ಲಿ ‘ಇದನ್ನು ಸ್ವೇಚ್ಛೆಯಿಂದ ಸ್ವೀಕರಿಸುತ್ತಿದ್ದೇನೆ’ ಎಂದು ಬರೆದು ಸಹಿ ಮಾಡಿಕೊಡಬೇಕು. ಆಜನ್ಮ ಬ್ರಹ್ಮಚರ್ಯದ ಹೊಣೆಯನ್ನು ಹೊರುವ ಮೊದಲ ದೀಕ್ಷೆಗೆ ಕನಿಷ್ಠ 23 ವರ್ಷ, ಗುರುದೀಕ್ಷೆಗೆ 25 ತುಂಬಿರಬೇಕು. ಟ್ರೆಂಟಿನ ಕಟ್ಟಳೆಯೂ ಹನ್ನೆರಡರ ಬಾಲಕರನ್ನೇ ಸೆಮಿನರಿಗೆ ಕರೆದಿತ್ತು. ಒಳಗೆ ಬಂದುದೇ ಒಪ್ಪಿಗೆಯೆಂದು ಮಾತ್ರ ಭಾವಿಸಲಿಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳ್ಳಿಗಳಿಗೆ ನಾವು ಹೋದಾಗ, ಏಳೆಂಟು ವರ್ಷದ ಮಗನನ್ನು ಮುಂದೆ ನಿಲ್ಲಿಸಿ “ಅಜ್ಜಾರ, ಇಂವನ್ನ ಮಠಕ್ಕ ಬಿಡ್ತೇವ್ರಿ, ಮರೀ ಮಾಡ್ಕೋರಿ” ಎನ್ನುವ ತಂದೆಯರು ಇಂದಿಗೂ ಇದ್ದಾರೆ. ಹರಕೆಯ ಹಿಂದೆ ಭಕ್ತಿಯೂ ಇರುತ್ತದೆ, ಒಮ್ಮೊಮ್ಮೆ ಬಡತನವೂ. ಎಳೆಯದರಲ್ಲಿಯೇ ಬಂದರೆ ಸಂಸ್ಕಾರ ಗಟ್ಟಿಯಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಮಂತ್ರೋಚ್ಚಾರ, ಸಂಗೀತಗಳ ಮಟ್ಟಿಗೆ ಅದು ಸತ್ಯ. ಆದರೆ ತಾಯಿಯ ಸೆರಗನ್ನು ಬಿಡದ ಕೂಸು ವೈರಾಗ್ಯವನ್ನು ಆರಿಸಿಕೊಂಡಿತು ಎಂದರೆ ನಂಬುವವರಾರು?

ನಾವು ಮಗುವನ್ನು ಓದಿಗೆ ಇರಿಸಿಕೊಳ್ಳುತ್ತೇವೆ, ಕಾವಿ ಕೊಡುವುದಿಲ್ಲ. ಪದವಿ ಮುಗಿಯಲಿ, ಆಮೇಲೆ ಅವನನ್ನೇ ಕೇಳೋಣ ಎನ್ನುತ್ತೇವೆ. ಇದರಿಂದ ಮುನಿಸಿಕೊಂಡು ಮಗನನ್ನು ಬೇರೆ ಮಠಕ್ಕೆ ಒಯ್ದವರೂ ಉಂಟು.

ವಟುಗಳಾಗಿ ಬಂದು, ಮನಸ್ಸು ನಿಲ್ಲದೆ ಮನೆಗೆ ಮರಳಿ, ಸಂಸಾರವಂತರಾಗಿ, ಮಾಸ್ತರರಾಗಿ, ಒಕ್ಕಲುತನ ಮಾಡಿಕೊಂಡು ಇರುವವರೂ ಈ ಪತ್ರಿಕೆಯನ್ನು ಓದುತ್ತೀರಿ. ಮಠದ ಬಾಗಿಲ ಮುಂದೆ ಹಾಯುವಾಗ ಕೆಲವರು ಮುಖ ತಪ್ಪಿಸುತ್ತೀರೆಂದು ಕೇಳಿದ್ದೇವೆ. ಶ್ರಾವಣದ ಪ್ರವಚನಕ್ಕೆ ಹೆಂಡತಿ ಮಕ್ಕಳೊಡನೆ ಬನ್ನಿರಿ. ಪ್ರಸಾದದ ಪಂಕ್ತಿಯಲ್ಲಿ ನಿಮ್ಮ ಸ್ಥಳ ಹಾಗೆಯೇ ಇದೆ.